ಮೆಸ್ಸೀಯನನ್ನು ಕುರಿತ ಪ್ರವಾದನೆಗಳು: ಹಳೆಯ ಒಡಂಬಡಿಕೆಯನ್ನು ಧರ್ಮಸಭೆ ಓದುವ ಬಗೆ

ಆಗಮನ ಕಾಲದ ನಾಲ್ಕು ಭಾನುವಾರಗಳಲ್ಲಿ, ಕ್ರಿಸ್ಮಸ್ ರಾತ್ರಿಯಲ್ಲಿ, ಶುಭ ಶುಕ್ರವಾರದ ಆರಾಧನೆಯಲ್ಲಿ ನಾವು ಪ್ರವಾದಿಗಳ ಗ್ರಂಥಗಳಿಂದ ವಾಚನಗಳನ್ನು ಕೇಳುತ್ತೇವೆ. ಯೆಶಾಯ, ಮೀಕ, ಯೆರೆಮೀಯ, ಜೆಕರ್ಯ ಇವರ ಮಾತುಗಳು ಯೇಸುಸ್ವಾಮಿಯಲ್ಲಿ ನೆರವೇರಿದವು ಎಂಬುದು ಧರ್ಮಸಭೆಯ ವಿಶ್ವಾಸ. ಆದರೆ 'ನೆರವೇರಿದವು' ಎಂದರೆ ಏನು? ಏಳುನೂರು ವರ್ಷ ಮೊದಲೇ ಬರೆದಿಟ್ಟ ಭವಿಷ್ಯ ಅಕ್ಷರಶಃ ನಿಜವಾಯಿತು ಎಂದಷ್ಟೇ ಅರ್ಥವೇ? ಹಾಗಾದರೆ ಆ ಮಾತನ್ನು ಮೊದಲು ಕೇಳಿದ ಜನರಿಗೆ ಅದರಿಂದ ಏನು ಪ್ರಯೋಜನವಾಯಿತು? ಅದೇ ಗ್ರಂಥವನ್ನು ಇಂದಿಗೂ ಓದುವ ಯೆಹೂದ್ಯರು ಅದರಲ್ಲಿ ಯೇಸುವನ್ನು ಏಕೆ ಕಾಣುವುದಿಲ್ಲ?

ಈ ಪ್ರಶ್ನೆಗಳು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಂದ, ಬೈಬಲ್ ಅಧ್ಯಯನ ಕೂಟಗಳಲ್ಲಿ ಹಿರಿಯರಿಂದ ಬರುತ್ತವೆ. ಉತ್ತರ ತಿಳಿಯದೆ ಹೋದಾಗ ಕೆಲವರ ವಿಶ್ವಾಸ ಅಲುಗಾಡುತ್ತದೆ. ತಪ್ಪು ಉತ್ತರ ಕೊಟ್ಟಾಗ ಇನ್ನೊಂದು ಜನಾಂಗದ ಮೇಲೆ ತಾತ್ಸಾರ ಬೆಳೆಯುತ್ತದೆ. ಧರ್ಮಸಭೆಯ ಇತಿಹಾಸದಲ್ಲಿ ಇವೆರಡೂ ನಡೆದಿವೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅಗತ್ಯ.

'ಮೆಸ್ಸೀಯ' ಪದದ ಅರ್ಥ

ಹೀಬ್ರೂ ಭಾಷೆಯ 'ಮಾಶೀಯಾಖ್' ಎಂಬ ಪದಕ್ಕೆ 'ಅಭಿಷಿಕ್ತನು', ಅಂದರೆ ಎಣ್ಣೆಯಿಂದ ಅಭಿಷೇಕ ಹೊಂದಿದವನು ಎಂದು ಅರ್ಥ. ಇದರ ಗ್ರೀಕ್ ರೂಪವೇ 'ಕ್ರಿಸ್ತೋಸ್'. 'ಯೇಸುಕ್ರಿಸ್ತ' ಎಂದು ಹೇಳುವಾಗಲೆಲ್ಲ ನಾವು 'ಯೇಸುವೇ ಆ ಅಭಿಷಿಕ್ತನು' ಎಂದು ವಿಶ್ವಾಸ ಪ್ರಕಟಿಸುತ್ತೇವೆ.

ಹಳೆಯ ಒಡಂಬಡಿಕೆಯ ಹೀಬ್ರೂ ಮೂಲದಲ್ಲಿ ಈ ಪದ ಸುಮಾರು 39 ಕಡೆ ಬರುತ್ತದೆ. ಬಹುತೇಕ ಕಡೆ ಅದು ಆಗ ಆಳುತ್ತಿದ್ದ ರಾಜನನ್ನು ಅಥವಾ ಯಾಜಕನನ್ನು ಸೂಚಿಸುತ್ತದೆ. ಸೌಲನಿಗೂ ದಾವೀದನಿಗೂ ಸಮುವೇಲನು ಅಭಿಷೇಕ ಮಾಡಿದನು. ಆರೋನನಿಗೆ ಯಾಜಕ ಪದವಿಗಾಗಿ ಅಭಿಷೇಕವಾಯಿತು. ಎಲೀಷನನ್ನು ಪ್ರವಾದಿಯಾಗಿ ಅಭಿಷೇಕಿಸುವಂತೆ ಎಲೀಯನಿಗೆ ಆಜ್ಞೆಯಾಯಿತು. ಯೆಶಾಯ 45:1ರಲ್ಲಿ ಯೆಹೂದ್ಯನೇ ಅಲ್ಲದ ಪರ್ಷಿಯದ ರಾಜ ಸೈರಸ್‌ನನ್ನು ದೇವರು ತಮ್ಮ ಅಭಿಷಿಕ್ತನೆಂದು ಕರೆಯುತ್ತಾರೆ. ಕ್ರಿ.ಪೂ. 539ರಲ್ಲಿ ಬಾಬಿಲೋನನ್ನು ಗೆದ್ದು, ಸೆರೆಯಲ್ಲಿದ್ದ ಯೆಹೂದ್ಯರು ತಾಯ್ನಾಡಿಗೆ ಮರಳಲು ಅವಕಾಶ ಕೊಟ್ಟವನು ಇವನೇ.

ಕೊನೆಯ ದಿನಗಳಲ್ಲಿ ಬರಲಿರುವ ಒಬ್ಬ ರಕ್ಷಕನಿಗೆ ಮೀಸಲಾದ ಬಿರುದಾಗಿ ಈ ಪದ ಬಳಕೆಗೆ ಬಂದದ್ದು ನಿಧಾನವಾಗಿ, ಯೇಸುಸ್ವಾಮಿಯ ಕಾಲಕ್ಕೆ ಹತ್ತಿರದ ಶತಮಾನಗಳಲ್ಲಿ.

ಪ್ರವಾದಿ ಜ್ಯೋತಿಷಿಯಲ್ಲ

ನಮ್ಮಲ್ಲಿ 'ಪ್ರವಾದನೆ' ಎಂದ ಕೂಡಲೇ ಭವಿಷ್ಯ ಹೇಳುವುದು ಎಂಬ ಭಾವನೆ ಬರುತ್ತದೆ. ಆದರೆ ಬೈಬಲಿನ ಪ್ರವಾದಿ ಮೊದಲನೆಯದಾಗಿ ದೇವರ ಪರವಾಗಿ ಮಾತನಾಡುವವನು. ರಾಜನ ಅನ್ಯಾಯವನ್ನು ಖಂಡಿಸುವುದು, ಬಡವರ ಹೊಲ ಕಸಿದವರನ್ನು ಎಚ್ಚರಿಸುವುದು, ಸೋತುಹೋದ ಜನರಿಗೆ ಧೈರ್ಯ ಹೇಳುವುದು ಅವನ ಕೆಲಸ. ಮುಂದಿನ ದಿನಗಳ ಮಾತೂ ಅದರಲ್ಲಿ ಬರುತ್ತದೆ. ಆದರೆ ಅದು ಇಂದಿನ ಜನ ದೇವರಿಗೆ ತಿರುಗಬೇಕು ಎಂಬ ಉದ್ದೇಶದಿಂದ ಹೇಳಿದ ಮಾತು.

ಹೀಗಾಗಿ ಪ್ರತಿಯೊಂದು ಪ್ರವಾದನೆಗೂ ಅದರದೇ ಆದ ಕಾಲ, ಸ್ಥಳ ಹಾಗೂ ಕೇಳುಗರು ಇದ್ದಾರೆ. ಆ ಮೊದಲ ಅರ್ಥವನ್ನು ಬಿಟ್ಟು ಓದಿದರೆ ದೇವರ ವಾಕ್ಯದ ಅರ್ಧ ಭಾಗವನ್ನು ಬಿಟ್ಟಂತೆ. ಹಳೆಯ ಒಡಂಬಡಿಕೆಯೇ ಬೇಡವೆಂದು ವಾದಿಸಿದ ಮಾರ್ಸಿಯೋನನನ್ನು ರೋಮಿನ ಧರ್ಮಸಭೆ ಸುಮಾರು ಕ್ರಿ.ಶ. 144ರಲ್ಲಿಯೇ ಹೊರಗಿಟ್ಟಿತು. ಆ ಗ್ರಂಥಗಳು ಕೇವಲ ಮುನ್ನುಡಿಯಲ್ಲ, ಅವೂ ದೇವರ ವಾಕ್ಯವೇ ಎಂಬುದು ಅಂದಿನಿಂದ ಧರ್ಮಸಭೆಯ ಸ್ಪಷ್ಟ ನಿಲುವು.

ನಿರೀಕ್ಷೆ ಬೆಳೆದುಬಂದ ದಾರಿ

ಮೆಸ್ಸೀಯನ ನಿರೀಕ್ಷೆಯ ಬೇರು 2 ಸಮುವೇಲ 7ನೇ ಅಧ್ಯಾಯದಲ್ಲಿದೆ. ದಾವೀದನು ದೇವರಿಗೆ ಒಂದು ಆಲಯ ಕಟ್ಟಲು ಬಯಸುತ್ತಾನೆ. ಆಗ ನಾತಾನ ಪ್ರವಾದಿಯ ಮೂಲಕ ದೇವರು, ತಾವೇ ದಾವೀದನಿಗೆ ಒಂದು ಮನೆತನವನ್ನು ಕಟ್ಟುವುದಾಗಿಯೂ ಅವನ ಸಿಂಹಾಸನ ಶಾಶ್ವತವಾಗಿ ನಿಲ್ಲುವುದಾಗಿಯೂ ಮಾತು ಕೊಡುತ್ತಾರೆ. ಕೀರ್ತನೆ 2 ಮತ್ತು 110 ಈ ರಾಜತ್ವವನ್ನು ಕೊಂಡಾಡುತ್ತವೆ.

ಆದರೆ ದಾವೀದನ ವಂಶದ ರಾಜರಲ್ಲಿ ಅನೇಕರು ಈ ವಾಗ್ದಾನಕ್ಕೆ ತಕ್ಕಂತೆ ಬಾಳಲಿಲ್ಲ. ಒಬ್ಬ ರಾಜ ನಿರಾಶೆ ಮೂಡಿಸಿದಂತೆಲ್ಲ ಪ್ರವಾದಿಗಳು ಮುಂದೆ ಬರಬೇಕಾದ ನೀತಿವಂತ ರಾಜನ ಕಡೆಗೆ ಕೈತೋರಿಸಿದರು. ಯೆಶಾಯ 9 ಮತ್ತು 11, ಮೀಕ 5, ಯೆರೆಮೀಯ 23 ಈ ಸಾಲಿಗೆ ಸೇರುತ್ತವೆ. ಕ್ರಿ.ಪೂ. 587ರ ಸುಮಾರಿಗೆ ಬಾಬಿಲೋನಿನವರು ಜೆರುಸಲೇಮನ್ನು ಸುಟ್ಟು, ದಾವೀದನ ಸಿಂಹಾಸನವೇ ಉರುಳಿತು. ದೇವರು ಕೊಟ್ಟ ಮಾತು ಎಲ್ಲಿ ಹೋಯಿತು ಎಂಬ ಕೂಗನ್ನು ಕೀರ್ತನೆ 89ರ ಕೊನೆಯಲ್ಲಿ ಇಂದಿಗೂ ಕೇಳಬಹುದು. ರಾಜನಿಲ್ಲದ ಆ ಕಾಲದಲ್ಲಿ ನಿರೀಕ್ಷೆ ಸಾಯಲಿಲ್ಲ, ಇನ್ನಷ್ಟು ಆಳವಾಯಿತು. ಕುರುಬನಾಗಿ ಜನರನ್ನು ಪಾಲಿಸುವ ದಾವೀದ (ಯೆಜೆಕಿಯೇಲ 34), ಕತ್ತೆಯ ಮೇಲೆ ಬರುವ ವಿನಮ್ರ ರಾಜ (ಜೆಕರ್ಯ 9), ಮೇಘಗಳ ಜೊತೆ ಬರುವ ನರಪುತ್ರನಂಥವನು (ದಾನಿಯೇಲ 7) ಹೀಗೆ ಹಲವು ಚಿತ್ರಗಳು ಮೂಡಿದವು.

ಯೇಸುಸ್ವಾಮಿಯ ಕಾಲದ ಯೆಹೂದ್ಯರಲ್ಲಿ ಈ ಬಗ್ಗೆ ಒಂದೇ ಅಭಿಪ್ರಾಯ ಇರಲಿಲ್ಲ. ಪರಕೀಯರನ್ನು ಓಡಿಸುವ ದಾವೀದ ವಂಶದ ರಾಜನನ್ನು ಕೆಲವರು ಕಾಯುತ್ತಿದ್ದರು. 1947ರಿಂದ ಮೃತ ಸಮುದ್ರದ ತೀರದ ಕುಮ್ರಾನ್ ಗುಹೆಗಳಲ್ಲಿ ದೊರೆತ ಸುರುಳಿಗಳಲ್ಲಿ, ಆರೋನನ ವಂಶದ ಒಬ್ಬ ಮತ್ತು ಇಸ್ರಯೇಲಿನ ಒಬ್ಬ ಹೀಗೆ ಇಬ್ಬರು ಅಭಿಷಿಕ್ತರ ನಿರೀಕ್ಷೆ ಕಾಣುತ್ತದೆ. ಅಲ್ಲಿಯೇ ಸಿಕ್ಕಿದ ಯೆಶಾಯನ ದೊಡ್ಡ ಸುರುಳಿ 7 ಮೀಟರಿಗೂ ಹೆಚ್ಚು ಉದ್ದವಿದ್ದು, ಕ್ರಿಸ್ತನಿಗಿಂತ ನೂರು ವರ್ಷಕ್ಕೂ ಹಿಂದಿನದು. ಅದರಲ್ಲಿ ಯೆಶಾಯನ 66 ಅಧ್ಯಾಯಗಳೂ ಇವೆ. ಈ ಪ್ರವಾದನೆಗಳನ್ನು ಕ್ರೈಸ್ತರು ಆಮೇಲೆ ಸೇರಿಸಿದರೆಂಬ ಸಂಶಯಕ್ಕೆ ಈ ಸುರುಳಿಯೇ ಉತ್ತರ.

ಯೆಶಾಯ 7:14 — ಇಮ್ಮಾನುವೇಲ

ಹೆಚ್ಚು ಚರ್ಚೆಗೆ ಒಳಗಾಗುವ ವಾಕ್ಯ ಇದು. ಹಿನ್ನೆಲೆ ಹೀಗಿದೆ. ಸುಮಾರು ಕ್ರಿ.ಪೂ. 735ರಲ್ಲಿ ದಮಸ್ಕದ ರಾಜ ರೆಚೀನನೂ ಉತ್ತರ ಇಸ್ರಯೇಲಿನ ರಾಜ ಪೆಕಹನೂ ಒಟ್ಟಾಗಿ ಜೆರುಸಲೇಮಿನ ಮೇಲೆ ದಂಡೆತ್ತಿ ಬರುತ್ತಾರೆ. ಯೂದದ ರಾಜ ಆಹಾಜನು ಹೆದರಿ ನಡುಗುತ್ತಾನೆ. ದೇವರನ್ನು ನಂಬು, ಹೆದರಬೇಡ ಎಂದು ಯೆಶಾಯ ಹೇಳಿದರೂ ಅವನಿಗೆ ಅಸ್ಸೀರಿಯದ ಸೈನ್ಯದ ಮೇಲೆಯೇ ಭರವಸೆ. ಗುರುತು ಕೇಳಲೂ ಅವನು ಒಪ್ಪುವುದಿಲ್ಲ. ಆಗ ಪ್ರವಾದಿ, ದೇವರೇ ಒಂದು ಗುರುತನ್ನು ಕೊಡುವರು ಎನ್ನುತ್ತಾನೆ: ಒಬ್ಬ ಯುವತಿ ಗರ್ಭಿಣಿಯಾಗಿ ಮಗನನ್ನು ಹೆರುವಳು, ಅವನಿಗೆ 'ದೇವರು ನಮ್ಮೊಡನೆ' ಎಂಬರ್ಥದ ಇಮ್ಮಾನುವೇಲ ಎಂಬ ಹೆಸರಿಡುವಳು. ಆ ಮಗುವಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವ ವಯಸ್ಸಾಗುವ ಮೊದಲೇ ಆ ಇಬ್ಬರು ರಾಜರ ನಾಡು ಪಾಳುಬೀಳುವುದು (7:16).

ಹಾಗೆಯೇ ಆಯಿತು. ಕ್ರಿ.ಪೂ. 732ರಲ್ಲಿ ದಮಸ್ಕ ಬಿತ್ತು. ಹತ್ತು ವರ್ಷಗಳಲ್ಲಿ ಸಮಾರಿಯವೂ ಬಿತ್ತು. ಆದ್ದರಿಂದ ಈ ಗುರುತು ಮೊದಲು ಆಹಾಜನ ಕಾಲಕ್ಕೆ ಸಂಬಂಧಪಟ್ಟದ್ದು. ಆಹಾಜನ ಮಗನಾಗಿ ಮುಂದೆ ಒಳ್ಳೆಯ ರಾಜನೆನಿಸಿದ ಹಿಜ್ಕೀಯನನ್ನೇ ಇದು ಸೂಚಿಸುತ್ತದೆಂದು ಹಲವು ಪಂಡಿತರ ಅಭಿಪ್ರಾಯ.

ಹೀಬ್ರೂ ಮೂಲದಲ್ಲಿರುವ ಪದ 'ಅಲ್ಮಾ'. ಅದರ ಅರ್ಥ ಮದುವೆಯ ವಯಸ್ಸಿಗೆ ಬಂದ ಯುವತಿ. 'ಕನ್ಯೆ' ಎಂದು ಒತ್ತಿ ಹೇಳುವ ಪದ ಅದಲ್ಲ. ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ಯೆಹೂದ್ಯರೇ ಮಾಡಿದ ಗ್ರೀಕ್ ಅನುವಾದದಲ್ಲಿ ('ಸೆಪ್ತುವಜಿಂತ್') ಇಲ್ಲಿ 'ಪಾರ್ಥೆನೋಸ್' ಎಂಬ ಪದವಿದೆ. ಅದಕ್ಕೆ ಸಾಮಾನ್ಯವಾಗಿ ಕನ್ಯೆ ಎಂದು ಅರ್ಥ. ಸಂತ ಮತ್ತಾಯ ಬಳಸಿದ್ದು ಈ ಗ್ರೀಕ್ ಪಾಠವನ್ನು. ಎರಡನೇ ಶತಮಾನದಲ್ಲಿಯೇ ಸಂತ ಜಸ್ಟಿನ್ ತಮ್ಮ 'ತ್ರಿಫೋನನೊಡನೆ ಸಂವಾದ'ದಲ್ಲಿ ಈ ಪದದ ಕುರಿತು ಚರ್ಚಿಸಿದ್ದಾರೆ. ಹಾಗಾಗಿ ಇದು ಇತ್ತೀಚೆಗೆ ಯಾರೋ ಹುಡುಕಿ ತೆಗೆದ ಗುಟ್ಟಲ್ಲ.

ಇದರಿಂದ ನಮ್ಮ ವಿಶ್ವಾಸಕ್ಕೆ ಧಕ್ಕೆಯೇ? ಇಲ್ಲ. ಮಾತೆ ಮರಿಯಮ್ಮನವರ ಕನ್ಯತ್ವದ ವಿಶ್ವಾಸ ಒಂದು ಗ್ರೀಕ್ ಪದದಿಂದ ಹುಟ್ಟಿದ್ದಲ್ಲ. ಸಂತ ಲೂಕರು ಯೆಶಾಯನ ಈ ವಾಕ್ಯವನ್ನು ಉದ್ಧರಿಸದೆಯೇ ಅದೇ ಸತ್ಯವನ್ನು ಸಾರುತ್ತಾರೆ. ಯೇಸು ಪವಿತ್ರಾತ್ಮರ ಶಕ್ತಿಯಿಂದ ಜನಿಸಿದರೆಂಬ ವಿಶ್ವಾಸ ಮೊದಲು. ಆ ವಿಶ್ವಾಸದ ಬೆಳಕಿನಲ್ಲಿ ಹಳೆಯ ವಾಕ್ಯದ ಆಳ ಕಂಡದ್ದು ನಂತರ. ಆಹಾಜನ ಕಾಲದಲ್ಲಿ ಒಂದು ಮಗುವಿನ ಹುಟ್ಟು 'ದೇವರು ನಮ್ಮನ್ನು ಕೈಬಿಟ್ಟಿಲ್ಲ' ಎಂಬುದಕ್ಕೆ ಗುರುತಾಗಿತ್ತು. ಯೇಸುವಿನಲ್ಲಿ ಆ ಹೆಸರೇ ನಿಜವಾಯಿತು. ದೇವರೇ ನಮ್ಮೊಡನೆ ವಾಸಿಸಿದರು. ಸಂತ ಮತ್ತಾಯರು ಮೊದಲ ಅಧ್ಯಾಯದಲ್ಲಿ ಈ ಹೆಸರನ್ನು ಹೇಳಿ, ಕೊನೆಯ ಅಧ್ಯಾಯದ ಕೊನೆಯ ವಾಕ್ಯದಲ್ಲಿ ಪುನರುತ್ಥಾನರಾದ ಯೇಸು ಯುಗಾಂತ್ಯದವರೆಗೂ ನಮ್ಮ ಸಂಗಡ ಇರುವುದಾಗಿ ಕೊಟ್ಟ ಭರವಸೆಯೊಂದಿಗೆ ಶುಭಸಂದೇಶವನ್ನು ಮುಗಿಸುತ್ತಾರೆ.

ಮೀಕ 5 — ಚಿಕ್ಕ ಊರಿನಿಂದ ಬರುವ ಕುರುಬ

ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು ಮೊಂತಿ ಹಬ್ಬವಾಗಿ, ತೆನೆ ಹಬ್ಬವಾಗಿ ಆಚರಿಸುವ ಮಾತೆ ಮರಿಯಮ್ಮನವರ ಜನನೋತ್ಸವಕ್ಕೆ ಧರ್ಮಸಭೆ ಗೊತ್ತುಪಡಿಸಿದ ವಾಚನಗಳಲ್ಲಿ ಮೀಕನ ಈ ಭಾಗವೂ ಸೇರಿದೆ. ಅಂದಿನ ಶುಭಸಂದೇಶ ಮತ್ತಾಯನ ಮೊದಲ ಅಧ್ಯಾಯದ್ದು. ವಂಶಾವಳಿಯಿಂದ ತೊಡಗಿ ಇಮ್ಮಾನುವೇಲ ಎಂಬ ಹೆಸರಿನವರೆಗೆ ಅದು ಸಾಗುತ್ತದೆ. ಹೊಸ ತೆನೆಯ ಆಶೀರ್ವಾದ, ಮಕ್ಕಳು ಹೂ ಅರ್ಪಿಸುವ ಸಂಭ್ರಮ ಇವುಗಳ ನಡುವೆ ಈ ಎರಡು ಪ್ರವಾದನೆಗಳು ನಮ್ಮ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯದೆ ಹೋಗುವುದುಂಟು.

ಮೀಕನು ಯೆಶಾಯನ ಸಮಕಾಲೀನ, ಹಳ್ಳಿಯವನು. ಜೆರುಸಲೇಮಿನ ಅರಮನೆಯ ಅನ್ಯಾಯ ಕಂಡು ಬೇಸತ್ತ ಅವನು, ಬಿಡುಗಡೆ ರಾಜಧಾನಿಯಿಂದಲ್ಲ, ದಾವೀದ ಕುರಿ ಕಾಯುತ್ತಿದ್ದ ಚಿಕ್ಕ ಊರಾದ ಬೆತ್ಲೆಹೇಮಿನಿಂದ ಬರುವುದೆಂದು ಸಾರಿದ. ಅಂದರೆ ದೇವರು ದಾವೀದನ ಕಥೆಯನ್ನು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ ಎಂದರ್ಥ. ಸಂತ ಮತ್ತಾಯರು (2:6) ಈ ವಾಕ್ಯವನ್ನು ಇದ್ದಂತೆ ಉದ್ಧರಿಸದೆ, ಅದಕ್ಕೆ 2 ಸಮುವೇಲ 5:2ರ ಕುರುಬನ ಮಾತನ್ನು ಜೋಡಿಸುತ್ತಾರೆ. ಅವರು ಪ್ರವಾದನೆಯನ್ನು ಬಳಸುವ ರೀತಿ ಇದರಿಂದ ತಿಳಿಯುತ್ತದೆ: ಅಕ್ಷರವನ್ನು ತಾಳೆ ನೋಡುವುದು ಅವರ ಉದ್ದೇಶವಲ್ಲ, ದೇವರ ಕಾರ್ಯದ ಜಾಡನ್ನು ತೋರಿಸುವುದು.

ಯೆಶಾಯ 53 — ನೊಂದ ಸೇವಕ

ಯೆಶಾಯನ ಗ್ರಂಥದಲ್ಲಿ ಸೇವಕನ ನಾಲ್ಕು ಗೀತೆಗಳಿವೆ (42:1-4, 49:1-6, 50:4-9, 52:13–53:12). ಇವು ಬಾಬಿಲೋನಿನ ಸೆರೆಯ ಕಾಲಕ್ಕೆ ಸೇರಿದವು ಎಂದು ಹೆಚ್ಚಿನ ಪಂಡಿತರು ಒಪ್ಪುತ್ತಾರೆ. ನಾಲ್ಕನೆಯದನ್ನು ನಾವು ಶುಭ ಶುಕ್ರವಾರ ಕೇಳುತ್ತೇವೆ.

ಈ ಸೇವಕ ಯಾರು? 49:3ರಲ್ಲಿ ಅವನನ್ನು ಇಸ್ರಯೇಲ್ ಎಂದೇ ಕರೆಯಲಾಗಿದೆ. ಆದರೆ 49:6ರಲ್ಲಿ ಅವನಿಗೆ ಇಸ್ರಯೇಲನ್ನೇ ಮರಳಿ ಸೇರಿಸುವ ಕೆಲಸವಿದೆ. ಆದ್ದರಿಂದ ಪ್ರಶ್ನೆ ಸುಲಭವಲ್ಲ. ಮಧ್ಯಯುಗದ ಹೆಸರಾಂತ ಯೆಹೂದ್ಯ ವ್ಯಾಖ್ಯಾನಕಾರ ರಾಶಿ (1040–1105) ಈ ಸೇವಕನಲ್ಲಿ ಜನಾಂಗಗಳ ನಡುವೆ ನೊಂದ ಇಸ್ರಯೇಲನ್ನು ಕಂಡರು. ಅದಕ್ಕಿಂತ ಹಳೆಯ ಅರಮಾಯಿಕ್ ಅನುವಾದವಾದ 'ತಾರ್ಗುಮ್' ಇವನನ್ನು ಮೆಸ್ಸೀಯನೆಂದೇ ಹೇಳುತ್ತದೆ. ಆದರೆ ನೋವಿನ ಮಾತುಗಳನ್ನು ಬೇರೆಯವರ ಪಾಲಿಗೆ ಹಾಕುತ್ತದೆ.

ಪ್ರೇಷಿತರ ಕಾರ್ಯಕಲಾಪಗಳು 8ನೇ ಅಧ್ಯಾಯದಲ್ಲಿ ಇಥಿಯೋಪಿಯದ ಅಧಿಕಾರಿ ರಥದಲ್ಲಿ ಕುಳಿತು ಇದೇ ಭಾಗವನ್ನು ಓದುತ್ತಾ, ಪ್ರವಾದಿ ಯಾರ ಬಗ್ಗೆ ಹೇಳುತ್ತಿದ್ದಾನೆ, ತನ್ನ ಬಗ್ಗೆಯೋ ಬೇರೊಬ್ಬನ ಬಗ್ಗೆಯೋ ಎಂದು ಫಿಲಿಪ್ಪನನ್ನು ಕೇಳುತ್ತಾನೆ. ಅದು ಪ್ರಾಮಾಣಿಕ ಪ್ರಶ್ನೆ. ಫಿಲಿಪ್ಪನು ಅವನನ್ನು ಗದರಿಸುವುದಿಲ್ಲ. ಅಲ್ಲಿಂದಲೇ ಆರಂಭಿಸಿ ಯೇಸುವಿನ ಶುಭಸಂದೇಶವನ್ನು ತಿಳಿಸುತ್ತಾನೆ.

ಶಿಷ್ಯರಿಗೂ ಇದು ಮೊದಲೇ ತಿಳಿದಿರಲಿಲ್ಲ. ನರಪುತ್ರನು ಯಾತನೆ ಅನುಭವಿಸಬೇಕು ಎಂದು ಯೇಸು ಹೇಳಿದಾಗ ಪೇತ್ರನೇ ಅವರನ್ನು ಪಕ್ಕಕ್ಕೆ ಕರೆದು ಆಕ್ಷೇಪಿಸಿದ (ಮಾರ್ಕ 8:32). ಎಮ್ಮಾವುಸಿನ ದಾರಿಯಲ್ಲಿ ಹೊರಟ ಇಬ್ಬರು ಶಿಷ್ಯರು ಪವಿತ್ರ ಗ್ರಂಥ ತಿಳಿಯದವರೇನಲ್ಲ. ಆದರೂ ಶಿಲುಬೆ ಅವರ ನಿರೀಕ್ಷೆಯನ್ನು ಮುರಿದುಹಾಕಿತ್ತು. ಪುನರುತ್ಥಾನರಾದ ಪ್ರಭು ತಾವೇ ಮೋಶೆಯಿಂದ ಹಿಡಿದು ಎಲ್ಲ ಪ್ರವಾದಿಗಳನ್ನೂ ವಿವರಿಸಿದ ಮೇಲೆಯೇ ಅವರ ಹೃದಯ ಬೆಚ್ಚಗಾಯಿತು (ಲೂಕ 24). ಅಂದರೆ ಪ್ರವಾದನೆಗಳನ್ನು ಲೆಕ್ಕಹಾಕಿ ಶಿಷ್ಯರು ಯೇಸುವನ್ನು ಕಂಡುಹಿಡಿಯಲಿಲ್ಲ. ಪುನರುತ್ಥಾನರಾದ ಯೇಸುವನ್ನು ಕಂಡ ಮೇಲೆ ಪ್ರವಾದನೆಗಳು ಅವರಿಗೆ ತೆರೆದುಕೊಂಡವು.

'ನೆರವೇರಿತು' ಎಂಬ ಮಾತಿನ ಅರ್ಥ

ಹೆರೋದನ ಮರಣದವರೆಗೆ ಪವಿತ್ರ ಕುಟುಂಬ ಈಜಿಪ್ಟಿನಲ್ಲಿತ್ತು ಎಂದು ಹೇಳುವಾಗ ಸಂತ ಮತ್ತಾಯರು ಹೊಶೇಯ 11:1ನ್ನು ನೆನೆಯುತ್ತಾರೆ. ಹೊಶೇಯನ ಗ್ರಂಥ ತೆರೆದು ನೋಡಿದರೆ ಅದು ಭವಿಷ್ಯವೇ ಅಲ್ಲ. ಇಸ್ರಯೇಲೆಂಬ ತನ್ನ ಮಗನನ್ನು ಈಜಿಪ್ಟಿನಿಂದ ಕರೆತಂದ ಹಳೆಯ ಘಟನೆಯನ್ನು ದೇವರು ನೆನಪಿಸಿಕೊಳ್ಳುವ ಮಾತು. ಮತ್ತಾಯರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಇಸ್ರಯೇಲ್ ನಡೆದ ದಾರಿಯನ್ನು ಯೇಸು ಮತ್ತೆ ನಡೆಯುತ್ತಾರೆ ಎಂಬುದು ಅವರ ಆಶಯ. ಈಜಿಪ್ಟಿನಿಂದ ಹೊರಗೆ ಬರುವುದು, ನೀರನ್ನು ದಾಟುವುದು, 40 ವರ್ಷಗಳ ಮರುಭೂಮಿಗೆ ಬದಲಾಗಿ 40 ದಿನಗಳ ಮರುಭೂಮಿ; ಇಸ್ರಯೇಲ್ ಎಡವಿದಲ್ಲಿ ಈ ಮಗ ಎಡವಲಿಲ್ಲ.

ಹೀಗೆ ಹಳೆಯ ಘಟನೆ, ವ್ಯಕ್ತಿ ಅಥವಾ ಸಂಸ್ಕಾರ ಮುಂದಿನದಕ್ಕೆ ಮುಂಗುರುತಾಗಿ ನಿಲ್ಲುವುದನ್ನು ಧರ್ಮಸಭೆ ಆರಂಭದಿಂದಲೂ ಗುರುತಿಸುತ್ತಾ ಬಂದಿದೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಇದನ್ನು 128ರಿಂದ 130ನೇ ಕಲಂಗಳಲ್ಲಿ ವಿವರಿಸುತ್ತದೆ. ಹಳೆಯ ಒಡಂಬಡಿಕೆಗೆ ಅದರದೇ ಆದ ಮೌಲ್ಯವಿದ್ದು, ಅದು ಎಂದಿಗೂ ರದ್ದಾಗಿಲ್ಲ ಎಂದು ಅದೇ ಗ್ರಂಥ ಒತ್ತಿ ಹೇಳುತ್ತದೆ. 1965ರ ನವೆಂಬರ್ 18ರಂದು ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ 'ದೇಯಿ ವೆರ್ಬುಂ' ಪ್ರಕಟಣೆಯ 14ರಿಂದ 16ನೇ ಕಲಂಗಳ ಸಾರವೂ ಇದೇ.

ಬೀಜ ಮರವಾದಾಗ ಬೀಜ ಸುಳ್ಳಾಗುವುದಿಲ್ಲ. ಬೀಜವನ್ನು ಕಂಡವರೆಲ್ಲ ಮರದ ಆಕಾರವನ್ನು ಮೊದಲೇ ಊಹಿಸಬೇಕಿತ್ತು ಎಂದು ಹೇಳುವುದೂ ಸರಿಯಲ್ಲ. ನೆರವೇರಿಕೆ ಎಂಬುದನ್ನು ಹಾಗೆ ತಿಳಿಯಬೇಕು.

ಯೆಹೂದ್ಯರ ಓದು ಮತ್ತು ನಮ್ಮ ಹೊಣೆ

ಪ್ರವಾದನೆಗಳನ್ನು ಬರೇ ಪುರಾವೆಗಳ ಪಟ್ಟಿಯಾಗಿ ಓದಿದಾಗ ಒಂದು ಕೆಟ್ಟ ತೀರ್ಮಾನಕ್ಕೆ ಬರುವುದು ಸುಲಭ: ಇಷ್ಟು ಸ್ಪಷ್ಟವಾಗಿ ಬರೆದಿದ್ದರೂ ಒಪ್ಪದ ಯೆಹೂದ್ಯರು ಕುರುಡರು, ಹಟಮಾರಿಗಳು ಎಂಬ ತೀರ್ಮಾನ. ಶತಮಾನಗಳ ಕಾಲ ಕ್ರೈಸ್ತ ಯುರೋಪಿನಲ್ಲಿ ಈ ಮಾತು ಬೋಧನೆಯಾಗಿ, ಬೋಧನೆ ದ್ವೇಷವಾಗಿ, ದ್ವೇಷ ಹಿಂಸೆಯಾಗಿ ಬೆಳೆಯಿತು. 1263ರಲ್ಲಿ ಬಾರ್ಸಿಲೋನಾದಲ್ಲಿ ಅರಗಾನಿನ ರಾಜ ಒಂದನೇ ಜೇಮ್ಸನ ಮುಂದೆ, ಮೆಸ್ಸೀಯ ಬಂದಾಗಿದೆಯೇ ಎಂಬ ವಿಷಯದ ಮೇಲೆ ಯೆಹೂದ್ಯ ಗುರು ನಖ್ಮಾನಿಡೀಸ್‌ರನ್ನು ಬಹಿರಂಗ ಚರ್ಚೆಗೆ ನಿಲ್ಲಿಸಲಾಯಿತು. ಪ್ರವಾದಿಗಳು ಹೇಳಿದ ಶಾಂತಿ ಲೋಕಕ್ಕೆ ಇನ್ನೂ ಬಂದಿಲ್ಲ, ಲೋಕ ಹಿಂಸೆಯಿಂದ ತುಂಬಿದೆ ಎಂಬುದು ಅವರ ವಾದಗಳಲ್ಲಿ ಒಂದು. ಕೊನೆಗೆ ಅವರು ದೇಶವನ್ನೇ ಬಿಡಬೇಕಾಯಿತು.

ಆ ವಾದಕ್ಕೆ ಕಿವಿಗೊಡಬೇಕು. ಖಡ್ಗಗಳನ್ನು ಕುಳಗಳಾಗಿ ಮಾಡುವ ದಿನ (ಯೆಶಾಯ 2), ತೋಳ ಕುರಿಮರಿಗಳು ಒಟ್ಟಿಗೆ ಬಾಳುವ ದಿನ (ಯೆಶಾಯ 11) ಇನ್ನೂ ಬಂದಿಲ್ಲ ಎಂಬುದು ನಿಜ. ಮೆಸ್ಸೀಯ ಬಂದಿದ್ದಾರೆ, ಆದರೆ ಅವರ ರಾಜ್ಯ ಪೂರ್ಣವಾಗಿಲ್ಲ ಎಂದು ನಾವೂ ಒಪ್ಪುತ್ತೇವೆ. ಅದಕ್ಕಾಗಿಯೇ ಆಗಮನ ಕಾಲದ ಮೊದಲ ವಾರಗಳು ಬೆತ್ಲೆಹೇಮಿಗಿಂತ ಹೆಚ್ಚಾಗಿ ಪ್ರಭುವಿನ ಎರಡನೇ ಬರುವಿಕೆಯ ಕಡೆಗೆ ನೋಡುತ್ತವೆ.

ಧರ್ಮಸಭೆ ಈ ವಿಷಯದಲ್ಲಿ ತನ್ನ ದಾರಿಯನ್ನು ತಿದ್ದಿಕೊಂಡಿದೆ. ಮುಖ್ಯ ಹೆಜ್ಜೆಗಳು ಹೀಗಿವೆ:

1959: ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರ ಬಗ್ಗೆ ಇದ್ದ ಹೀನಾಯದ ಪದವನ್ನು ಜಗದ್ಗುರು 23ನೇ ಜಾನ್ ತೆಗೆಸಿದರು.

1965, ಅಕ್ಟೋಬರ್ 28: 'ನೋಸ್ತ್ರಾ ಎತಾತೆ' ಪ್ರಕಟಣೆ. ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಕೂಡದು, ಅವರನ್ನು ದೇವರು ತಿರಸ್ಕರಿಸಿದವರಂತೆ ಬೋಧಿಸಕೂಡದು ಎಂದು ಮಹಾಸಭೆ ಸಾರಿತು.

1986, ಏಪ್ರಿಲ್ 13: ಜಗದ್ಗುರು ಎರಡನೇ ಜಾನ್ ಪೌಲ್ ರೋಮಿನ ಸಿನಗಾಗನ್ನು ಸಂದರ್ಶಿಸಿದರು.

2001: ವ್ಯಾಟಿಕನ್ನಿನ ಬೈಬಲ್ ಆಯೋಗ, ಕ್ರೈಸ್ತ ಬೈಬಲಿನಲ್ಲಿ ಯೆಹೂದ್ಯ ಜನಾಂಗ ಹಾಗೂ ಅವರ ಪವಿತ್ರ ಗ್ರಂಥಗಳ ಸ್ಥಾನದ ಕುರಿತು ಒಂದು ದೀರ್ಘ ಅಧ್ಯಯನವನ್ನು ಸಿದ್ಧಪಡಿಸಿತು. ಯೆಹೂದ್ಯರ ಓದು ಸಹ ಸಾಧ್ಯವಾದ ಒಂದು ಓದು, ಅವರ ಮೆಸ್ಸೀಯನ ನಿರೀಕ್ಷೆ ವ್ಯರ್ಥವಲ್ಲ, ನಾವೂ ಅವರಂತೆಯೇ ಕಾಯುತ್ತಿದ್ದೇವೆ ಎಂಬುದು ಅದರ ಮುಖ್ಯ ಮಾತುಗಳಲ್ಲಿ ಒಂದು. ಬರಲಿರುವವನಿಗೆ ಈಗಾಗಲೇ ಬಂದ ಯೇಸುವಿನ ಮುಖವೇ ಇರುತ್ತದೆ ಎಂಬುದು ನಮ್ಮ ವಿಶ್ವಾಸ, ವ್ಯತ್ಯಾಸ ಇಲ್ಲಿದೆ.

2015, ಡಿಸೆಂಬರ್ 10: 'ನೋಸ್ತ್ರಾ ಎತಾತೆ'ಯ 50ನೇ ವರ್ಷದಲ್ಲಿ ವ್ಯಾಟಿಕನ್ ಹೊರಡಿಸಿದ ದಾಖಲೆ, ದೇವರ ವರಗಳೂ ಕರೆಯೂ ಹಿಂದೆಗೆಯಲಾಗದವು ಎಂಬ ಸಂತ ಪೌಲರ ಬೋಧನೆಯನ್ನು (ರೋಮನರಿಗೆ 11:29) ಮತ್ತೆ ಎತ್ತಿ ಹಿಡಿಯಿತು.

ನಮ್ಮ ಕರಾವಳಿಯಲ್ಲಿ ಬಹುಪಾಲು ಜನ ಒಬ್ಬ ಯೆಹೂದ್ಯರನ್ನೂ ಭೇಟಿಯಾದವರಲ್ಲ. ಅವರ ಬಗ್ಗೆ ನಮಗಿರುವ ಕಲ್ಪನೆ ಬಂದದ್ದು ಪವಿತ್ರ ವಾರದ ಯಾತನೆಯ ವಾಚನದಿಂದ, ಶಿಲುಬೆಹಾದಿಯ ನಾಟಕಗಳಿಂದ, ಪ್ರಬೋಧನೆಗಳಿಂದ. ಹಾಗಿರುವಾಗ ಬಲಿಪೀಠದ ಬಳಿಯಿಂದಲೂ ತರಗತಿಯಿಂದಲೂ ಹೊರಡುವ ಮಾತಿಗೆ ಹೆಚ್ಚಿನ ಜವಾಬ್ದಾರಿ ಇದೆ. ಯೇಸು, ಮಾತೆ ಮರಿಯಮ್ಮ, ಸಂತ ಜೋಸೆಫ್ ಹಾಗೂ ಹನ್ನೆರಡು ಮಂದಿ ಪ್ರೇಷಿತರು ಎಲ್ಲರೂ ಯೆಹೂದ್ಯರೇ ಎಂಬುದನ್ನು ಮಕ್ಕಳಿಗೆ ಹೇಳಿಕೊಡಲು ನಾವು ಮರೆಯಬಾರದು.

ಆಗಮನ ಕಾಲದ ಮೊದಲನೇ ವಾಚನಗಳು

ಮೂರು ವರ್ಷಗಳ ಸರದಿಯಲ್ಲಿ ಭಾನುವಾರಗಳ ಮೊದಲನೇ ವಾಚನಗಳು ಹೀಗೆ ಬರುತ್ತವೆ. ವಾಚಕರಿಗೂ ಶಿಕ್ಷಕರಿಗೂ ಇದು ಉಪಯೋಗವಾಗಬಹುದು.

ಮೊದಲ ಭಾನುವಾರ: 'ಎ' ವರ್ಷ ಯೆಶಾಯ 2, 'ಬಿ' ವರ್ಷ ಯೆಶಾಯ 63–64, 'ಸಿ' ವರ್ಷ ಯೆರೆಮೀಯ 33.

ಎರಡನೇ ಭಾನುವಾರ: 'ಎ' ಯೆಶಾಯ 11, 'ಬಿ' ಯೆಶಾಯ 40, 'ಸಿ' ಬಾರೂಕ 5.

ಮೂರನೇ ಭಾನುವಾರ: 'ಎ' ಯೆಶಾಯ 35; 'ಬಿ' ಯೆಶಾಯ 61; 'ಸಿ' ಜೆಫನ್ಯ 3.

ನಾಲ್ಕನೇ ಭಾನುವಾರ: 'ಎ' ಯೆಶಾಯ 7, 'ಬಿ' 2 ಸಮುವೇಲ 7, 'ಸಿ' ಮೀಕ 5.

ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯಲ್ಲಿ ಪ್ರತಿ ವರ್ಷವೂ ಯೆಶಾಯ 9 ಇರುತ್ತದೆ.

ಓದುವವರಿಗೆ, ಕಲಿಸುವವರಿಗೆ ಕೆಲವು ಸೂಚನೆಗಳು

1. ವಾಚನದ ಹಿಂದಿನ ದಿನ ಆ ಅಧ್ಯಾಯವನ್ನು ಪೂರ್ತಿ ಓದಿರಿ. ಯೆಶಾಯ 7:14ನ್ನು ಹೇಳಿ 7:16ನ್ನು ಬಿಟ್ಟರೆ ಪ್ರವಾದಿಯ ಮಾತು ಅರ್ಧವಾಗುತ್ತದೆ.

2. ವಾಕ್ಯಗಳ ಸಂಖ್ಯೆ ಎಲ್ಲ ಬೈಬಲುಗಳಲ್ಲಿ ಒಂದೇ ಅಲ್ಲ. ಹೀಬ್ರೂ ಎಣಿಕೆಯ ಮೀಕ 5:1 ಕೆಲವು ಅನುವಾದಗಳಲ್ಲಿ 5:2 ಆಗಿದೆ. ಯೆಶಾಯ 9:1 ಅಲ್ಲಿ 9:2 ಆಗಿದೆ. ಸಂಖ್ಯೆ ತಪ್ಪಾಗಿದೆ ಎಂದು ಗಾಬರಿ ಬೇಡ.

3. ಮೊದಲು 'ಇದು ಆಗಿನವರಿಗೆ ಏನು ಹೇಳಿತು' ಎಂದು ಕೇಳಿ, ನಂತರ 'ಕ್ರಿಸ್ತನ ಬೆಳಕಿನಲ್ಲಿ ನಾವು ಇದರಲ್ಲಿ ಏನು ಕಾಣುತ್ತೇವೆ' ಎಂದು ಕೇಳಿರಿ. ಈ ಕ್ರಮ ತಪ್ಪಬಾರದು.

4. ದಾನಿಯೇಲನ ವಾರಗಳನ್ನು ಕೂಡಿಸಿ ಕಳೆದು ಲೋಕಾಂತ್ಯದ ವರ್ಷ ಹೇಳುವವರ ಕರಪತ್ರಗಳಿಗೆ ಮರುಳಾಗದಿರಿ. ಆ ದಿನ, ಆ ಗಳಿಗೆ ತಂದೆಯ ಹೊರತು ಯಾರಿಗೂ ತಿಳಿಯದು ಎಂದು ಪ್ರಭುವೇ ಹೇಳಿದ್ದಾರೆ (ಮಾರ್ಕ 13:32).

5. ನಾಟಕ, ಟ್ಯಾಬ್ಲೊ, ಪ್ರಶ್ನೋತ್ತರ ಸ್ಪರ್ಧೆಗಳಲ್ಲಿ ಯೆಹೂದ್ಯರನ್ನು ಖಳರಂತೆ ಚಿತ್ರಿಸುವ ಸಂಭಾಷಣೆಗಳಿದ್ದರೆ ತಿದ್ದಿರಿ.

6. 'ಅಲ್ಮಾ' ಪದದಂತಹ ಪ್ರಶ್ನೆ ಎತ್ತುವ ಯುವಕರನ್ನು ಅವಿಶ್ವಾಸಿಗಳೆಂದು ಬದಿಗೆ ಸರಿಸಬೇಡಿ. ಪ್ರಶ್ನೆಗೆ ಉತ್ತರವಿದೆ, ಆ ಉತ್ತರ ಅವರ ವಿಶ್ವಾಸವನ್ನು ಗಟ್ಟಿಮಾಡುತ್ತದೆ.

ನಜರೇತಿನ ಸಿನಗಾಗಿನಲ್ಲಿ ಯೇಸುಸ್ವಾಮಿ ಯೆಶಾಯನ 61ನೇ ಅಧ್ಯಾಯವನ್ನು ಓದಿ, ಆ ವಾಕ್ಯ ಅಂದೇ ನೆರವೇರಿತೆಂದು ಸಾರಿದರು (ಲೂಕ 4). ಅವರು ಓದಿದ ಭಾಗದಲ್ಲಿ ಬಡವರಿಗೆ ಶುಭಸಂದೇಶ, ಸೆರೆಯವರಿಗೆ ಬಿಡುಗಡೆ, ಕುರುಡರಿಗೆ ದೃಷ್ಟಿ ಎಂಬ ಮಾತುಗಳಿದ್ದವು. ಪವಿತ್ರ ವಾರದಲ್ಲಿ ಧರ್ಮಾಧ್ಯಕ್ಷರು ಗುರುಗಳೊಂದಿಗೆ ಪವಿತ್ರ ತೈಲಗಳನ್ನು ಆಶೀರ್ವದಿಸುವ ಬಲಿಪೂಜೆಯಲ್ಲಿ ಇದೇ ಎರಡು ವಾಚನಗಳಿರುತ್ತವೆ. ಅಭಿಷಿಕ್ತನ ಹೆಸರು ಹೊತ್ತ ನಾವೂ ದೀಕ್ಷಾಸ್ನಾನ ಮತ್ತು ದೃಢೀಕರಣದಲ್ಲಿ ಅದೇ ತೈಲದಿಂದ ಅಭಿಷೇಕ ಪಡೆದವರು. ಆದ್ದರಿಂದ ಪ್ರವಾದನೆ ನೆರವೇರಿದೆಯೇ ಎಂಬ ಪ್ರಶ್ನೆಗೆ ಉತ್ತರವನ್ನು ಲೋಕ ಬರೀ ಗ್ರಂಥದಲ್ಲಿ ಹುಡುಕುವುದಿಲ್ಲ. ನಮ್ಮ ಧರ್ಮಕೇಂದ್ರದ ಬಡವರಿಗೆ ಶುಭಸಂದೇಶ ತಲುಪಿದೆಯೇ ಎಂದು ನೋಡುತ್ತದೆ.